ಸವತಿ ಕೈಯ ಕೇಕು

ಹಾಸನ
೧೨-೬-೧೯೫೭

ಪೂಜ್ಯ ಅಕ್ಕನವರಿಗೆ ಜಯಲಕ್ಷ್ಮಿ ಮಾಡುವ ನಮಸ್ಕಾರಗಳು.

ನನ್ನ ಅಕ್ಷರ ಕಂಡು ನಿಮಗೆ ಆಶ್ಚರ್ಯವಾಗಬಹುದು. ಯಜಮಾನರು ನನ್ನನ್ನು ಮದುವೆಯಾಗಿ ಆರು ವರ್ಷವಾಯಿತು. ಧಾರೆಯ ದಿನ ನೀವು ಚಪ್ಪರದ ಕಂಬ ಹಿಡಿದು ನಿಂತಿದ್ದನ್ನು ದೂರದಿಂದ ನೋಡಿದ್ದೆ. ಅದು ಬಿಟ್ಟರೆ ನಿಮ್ಮ ಎದುರು ಕೂತು ಒಂದು ಮಾತಾಡಿದವಳಲ್ಲ. ಹೊಳೆನರಸೀಪುರದ ಮನೆ ನಿಮ್ಮದು, ಹಾಸನದ ಈ ಬಾಡಿಗೆ ಮನೆ ನನ್ನದು. ಅವರು ಕೊಬ್ಬರಿ ವ್ಯಾಪಾರದ ನಡುವೆ ಒಂದಷ್ಟು ದಿನ ಅಲ್ಲಿ, ಒಂದಷ್ಟು ದಿನ ಇಲ್ಲಿ. ಹೀಗೇ ನಡೆದುಕೊಂಡು ಬಂತು.

ಈಗ ಬರೆಯುವುದಕ್ಕೆ ಒಂದು ಕಾರಣವಿದೆ. ನಮ್ಮಪ್ಪ ಸಕಲೇಶಪುರದ ಕಡೆ ಕಾಫಿ ಎಸ್ಟೇಟಿನಲ್ಲಿ ರೈಟರಾಗಿದ್ದರು. ಅಲ್ಲಿನ ದೊರೆಸಾನಿ ನನ್ನನ್ನು ಅಡಿಗೆಮನೆಗೆ ಬಿಟ್ಟುಕೊಳ್ಳುತ್ತಿದ್ದಳು. ಕೇಕು ಮಾಡುವುದನ್ನು ಅವಳ ಪಕ್ಕದಲ್ಲಿ ನಿಂತು ಕಲಿತೆ. ಹೋದ ತಿಂಗಳು ಪಕ್ಕದ ಮನೆ ಡಾಕ್ಟರ ಹೆಂಡತಿ ಮಗನ ಹುಟ್ಟಿದ ಹಬ್ಬಕ್ಕೆ ಮೈಸೂರಿನಿಂದ ಕೇಕು ತರಿಸಬೇಕೆಂದು ಪರದಾಡುತ್ತಿದ್ದರು. ‘ನಾನು ಮಾಡಿಕೊಡ್ಲಾ?’ ಅಂದೆ. ಸೀಮೆಎಣ್ಣೆ ಡಬ್ಬವನ್ನು ಉಜ್ಜಿ ತೊಳೆದು, ಕೆಳಗೆ ಕೆಂಡ ಮೇಲೆ ಕೆಂಡ ಇಟ್ಟು ಬೇಯಿಸಿದೆ. ಚೆನ್ನಾಗಿ ಬಂತು. ಅಲ್ಲಿಂದ ವಕೀಲರ ಮನೆ, ಇಂಜಿನಿಯರ ಮನೆ ಎಂದು ಒಬ್ಬರಾದ ಮೇಲೆ ಒಬ್ಬರು ಕೇಳುತ್ತಿದ್ದಾರೆ. ಇದನ್ನೇ ಒಂದು ಕಸುಬು ಮಾಡಿಕೊಳ್ಳೋಣ ಎಂದಿದ್ದೇನೆ.

ಆದರೆ ಇಲ್ಲಿ ಸಂತೆಯ ಮೊಟ್ಟೆ ನಂಬುವ ಹಾಗಿಲ್ಲ. ಒಡೆದರೆ ಅರ್ಧಕ್ಕರ್ಧ ಕೆಟ್ಟಿರುತ್ತದೆ. ಯಜಮಾನರು ಊಟಕ್ಕೆ ಕೂತಾಗಲೆಲ್ಲ, ‘ದೊಡ್ಡೋಳು ಸಾಕಿರೋ ಕೋಳಿ ಮೊಟ್ಟೆ ನೋಡ್ಬೇಕು ಕಣೆ, ಒಳಗೆ ಅರಿಶಿನ ಕಲಸಿಟ್ಟಂಗಿರ್ತದೆ’ ಎನ್ನುತ್ತಾರೆ. ನೀವು ದೊಡ್ಡ ಮನಸ್ಸು ಮಾಡಿ ವಾರಕ್ಕೊಂದು ಬುಟ್ಟಿ ಬಸ್ಸಿನಲ್ಲಿ ಕಳಿಸಿದರೆ ಬಹಳ ಉಪಕಾರವಾಗುತ್ತದೆ. ಕೊಡುವುದನ್ನು ಕೊಡುತ್ತೇನೆ.

ತಪ್ಪಾಗಿ ತಿಳಿಯಬೇಡಿ.

ನಿಮ್ಮ ತಂಗಿ ಎನ್ನಬಹುದೋ ಇಲ್ಲವೋ ತಿಳಿಯದ,
ಜಯಲಕ್ಷ್ಮಿ


ಹೊಳೆನರಸೀಪುರ
೨೧-೬-೧೯೫೭

ಜಯಲಕ್ಷ್ಮಿಗೆ ದೊಡ್ಡತಾಯಮ್ಮನ ಆಶೀರ್ವಾದ. ಹಾಗೆ ಬರೆಯುವುದು ಪದ್ಧತಿ, ಅದಕ್ಕೆ ಬರೆದಿದ್ದೇನೆ.

ನನ್ನ ಗಂಡನಲ್ಲಿ ಅರ್ಧ ತೆಗೆದುಕೊಂಡಾಗ ನೀನು ಒಂದು ಸಾಲು ಬರೆಯಲಿಲ್ಲ. ಮೊಟ್ಟೆ ಬೇಕಾದಾಗ ಕಾಗದ, ಮಸಿ, ವಿಳಾಸ ಎಲ್ಲವೂ ಸಿಕ್ಕಿದವು. ಇದನ್ನು ಯಾರ ಕೈಯಲ್ಲೋ ಓದಿಸಿಕೊಂಡಿರುತ್ತಾಳೆ ಎಂದುಕೊಳ್ಳಬೇಡ. ನಮ್ಮಪ್ಪ ಅರಕಲಗೂಡಿನಲ್ಲಿ ಕೂಲಿಮಠ ನಡೆಸಿದವರು. ನನಗೂ ನನ್ನ ತಂಗಿ ಮಾದಮ್ಮನಿಗೂ ಅಕ್ಷರ ತಿದ್ದಿಸಿದ್ದರು.

ನಿನ್ನ ಕೇಕಿನ ಸುದ್ದಿ ನನಗೆ ಮೊದಲೇ ಗೊತ್ತು. ಹೋದ ಸಲ ಅವರು ಬಂದಾಗ ಅವರೇಕಾಳಿನ ಉಪ್ಸಾರು ಮಾಡಿದ್ದೆ. ಮುದ್ದೆ ಮುರಿದು ಬಾಯಿಗಿಟ್ಟುಕೊಂಡು, ‘ಅಲ್ಲ ಕಣೆ, ಕೇಕು ಅಂತ ಒಂದೈತೆ. ಬಾಯ್ಗಿಟ್ರೆ ಅಂಗೇ ಕರಗ್ಬುಡ್ತದೆ’ ಅಂದರು. ನನ್ನ ತಟ್ಟೆಯ ಮುಂದೆ ಕೂತು ನಿನ್ನ ಕೈಯ ರುಚಿ ಹೊಗಳಿದರು. ನೀನು ನನ್ನ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದೆಯೋ. ನಾನು ಇನ್ನೊಂದು ಮುದ್ದೆ ಹಾಕಿದೆ.

ಅವರು ನಿನ್ನನ್ನು ತಂದದ್ದು ಏತಕ್ಕೆಂದು ಊರಿಗೆಲ್ಲ ಗೊತ್ತು. ಆ ಕೆಲಸ ನಿನ್ನಿಂದಲೂ ಆಗಲಿಲ್ಲ. ಅದನ್ನು ನಾನು ಎತ್ತಿ ಆಡುವುದಿಲ್ಲ. ಆದರೆ ಅದಿಲ್ಲದಿದ್ದರೂ ನಿನಗೆ ಹೊಗಳಿಕೆ ಬರಲು ಇನ್ನೊಂದು ದಾರಿ ಸಿಕ್ಕಿತಲ್ಲ ಎಂದು ಯೋಚಿಸುತ್ತಿರುತ್ತೇನೆ.

ಬೇಡಿದವರಿಗೆ ಇಲ್ಲ ಎಂದು ಕಳಿಸಿದ ಮನೆ ನಮ್ಮದಲ್ಲ. ಹಾಸನದ ಬಸ್ಸಿನ ಕಂಡಕ್ಟರ್ ರಾಮಣ್ಣನ ಕೈಗೆ ಬುಟ್ಟಿ ಕೊಟ್ಟಿದ್ದೇನೆ. ಭತ್ತದ ಹೊಟ್ಟಿನಲ್ಲಿ ಹೂತಿಟ್ಟಿದ್ದೇನೆ. ಒಂದೂ ಒಡೆಯುವುದಿಲ್ಲ, ಒಂದೂ ಕೆಟ್ಟಿಲ್ಲ. ಬುಟ್ಟಿ ವಾಪಸು ಬರಬೇಕು.

ದೊಡ್ಡತಾಯಮ್ಮ


ಹಾಸನ
೫-೮-೧೯೫೭

ಅಕ್ಕನವರಿಗೆ ನಮಸ್ಕಾರಗಳು.

ಬುಟ್ಟಿಗಳು ಬರುತ್ತಿವೆ, ನಾನೂ ತಪ್ಪದೆ ವಾಪಸು ಕಳಿಸುತ್ತಿದ್ದೇನೆ. ನಿಮ್ಮ ಮೊಟ್ಟೆ ಹಾಕಿದ ಮೊದಲ ದಿನ ಕೇಕು ಕೊಯ್ದಾಗ ಡಾಕ್ಟರ ಹೆಂಡತಿ, ‘ಏನ್ರೀ ಇದು, ಬಣ್ಣ ಹಾಕಿದ್ದೀರಾ?’ ಎಂದರು. ಬಣ್ಣವಲ್ಲ, ನಮ್ಮ ಅಕ್ಕನವರ ಕೋಳಿಗಳು ಎಂದೆ. ‘ನಿಮ್ಮ ಸ್ವಂತ ಅಕ್ಕನಾ?’ ಎಂದು ಕೇಳಿದರು. ಹೂಂ ಎಂದುಬಿಟ್ಟೆ. ಬೇರೆ ಏನು ಹೇಳಲಿ?

ಅವರು ನನ್ನನ್ನು ಹೊಗಳಿದರೆಂದು ಬರೆದಿದ್ದೀರಿ. ಇಲ್ಲಿ ಕೂತು ಅವರು ಹೇಳುವುದು ಬೇರೆ. ನಾನು ಸಾರು ಮಾಡಿದರೆ ಎರಡು ತುತ್ತು ತಿಂದು, ‘ಸಾರು ಅಂದ್ರೆ ದೊಡ್ಡೋಳ್ದು ಬುಡು’ ಎಂದು ಕೈ ತೊಳೆಯುತ್ತಾರೆ. ಆರು ವರ್ಷದಿಂದ ನಿಮ್ಮ ಸಾರಿನ ಜೊತೆ ಸಂಸಾರ ಮಾಡುತ್ತಿದ್ದೇನೆ. ನಿಮ್ಮನ್ನು ನೋಡದೆಯೇ ನಿಮ್ಮ ಮೇಲೆ ಉರಿದುಕೊಂಡದ್ದು ಎಷ್ಟೋ ಸಲ. ಅವರು ನಿಮ್ಮ ಸಾರಿನ ಜೊತೆ ಹೋಲಿಸಲಾಗದಂಥದ್ದನ್ನು ಮಾಡಬೇಕೆಂದೇ ನಾನು ಕೇಕಿಗೆ ಕೈ ಹಾಕಿದೆನೋ ಏನೋ.

ಬುಟ್ಟಿಯಲ್ಲಿ ಒಂದು ತುಂಡು ಇಟ್ಟಿದ್ದೇನೆ. ನೀವು ತಿನ್ನಬೇಕು.

ಜಯಲಕ್ಷ್ಮಿ


ಹೊಳೆನರಸೀಪುರ
೧೯-೮-೧೯೫೭

ಜಯಲಕ್ಷ್ಮಿಗೆ ಆಶೀರ್ವಾದ.

ನೀನು ಕಳಿಸಿದ ತುಂಡನ್ನು ಹಸುವಿಗೆ ಹಾಕಿದೆ.

ಅಂಚು ಸ್ವಲ್ಪ ಒಣಗಿತ್ತು. ಮೇಲಿನ ಕೆಂಡ ಹೆಚ್ಚಾಗಿರಬೇಕು. ನಡುವೆ ಮಾತ್ರ ಮೆತ್ತಗಿತ್ತು. ಸಿಹಿ ಹದವಾಗಿತ್ತು, ಆದರೆ ಅದೇನೋ ಬಾಟಲಿಯ ಸೆಂಟಿನ ವಾಸನೆ ನಾಲಿಗೆಯ ಮೇಲೆ ಕೂತುಬಿಡುತ್ತದೆ. ಎರಡು ಏಲಕ್ಕಿ ಕುಟ್ಟಿ ಹಾಕಿದ್ದರೆ ಆಗುತ್ತಿತ್ತು. ಹಸು ನಿನಗೆ ಇದನ್ನೆಲ್ಲ ಹೇಳಿತಾ ಎಂದು ಕೇಳಬೇಡ.

ನನ್ನ ಸಾರಿನ ಮಾತು ಓದಿದೆ. ಇಲ್ಲಿ ಅವರು ಒಂದು ದಿನವೂ ನನ್ನ ಸಾರು ಚೆನ್ನಾಗಿದೆ ಎಂದವರಲ್ಲ. ಹದಿನೈದು ವರ್ಷ ಬಡಿಸಿದ್ದೇನೆ. ಹಾಸನಕ್ಕೆ ಹೋಗಿ ನಿನ್ನ ಮುಂದೆ ಹೇಳಿದರಂತೆ! ನನಗೆ ಸೇರಬೇಕಾದ ಮಾತೂ ನಿನ್ನ ಮನೆಗೇ ಬಂತಲ್ಲ. ನೀನು ಅದನ್ನು ಬುಟ್ಟಿಯಲ್ಲಿಟ್ಟು ನನಗೆ ಕಳಿಸಿದೆ ಎಂದುಕೊಳ್ಳುತ್ತೇನೆ.

ದೊಡ್ಡತಾಯಮ್ಮ


ಹಾಸನ
೧೦-೧-೧೯೫೮

ಅಕ್ಕನವರಿಗೆ ನಮಸ್ಕಾರಗಳು.

ಕ್ರಿಸ್‌ಮಸ್ ಹೊತ್ತಿಗೆ ಆಸ್ಪತ್ರೆಯ ನರ್ಸಮ್ಮಂದಿರು ಒಟ್ಟಿಗೆ ಕೇಕು ಹೇಳಿದಾಗ ನನಗೆ ಕೈಯಾಡಲಿಲ್ಲ. ಬನ್ನಿ ಎಂದು ನಾಚಿಕೆ ಬಿಟ್ಟು ಕರೆದೆ. ನೀವು ಬರುತ್ತೀರೆಂದು ನಿಜವಾಗಿಯೂ ಅಂದುಕೊಂಡಿರಲಿಲ್ಲ. ಬಸ್ಸಿಳಿದು, ಬುಟ್ಟಿ ಸೊಂಟಕ್ಕಿಟ್ಟುಕೊಂಡು ಬಾಗಿಲಲ್ಲಿ ನಿಂತಿರಿ. ಒಳಗೆ ಬಂದವರೇ ಅಡಿಗೆಮನೆ, ಕೋಣೆ ಎಲ್ಲ ನೋಡಿದಿರಿ. ಗೂಟದಲ್ಲಿ ನೇತಾಡುತ್ತಿದ್ದ ಅವರ ಕೋಟು ಕಂಡು ಅಲ್ಲೇ ನಿಂತಿರಿ. ಆಮೇಲೆ ಸೆರಗು ಬಿಗಿದು, ‘ಎಲ್ಲದೆ ನಿನ್ನ ಪಾತ್ರೆ?’ ಎಂದಿರಿ.

ನಿಮ್ಮ ಹಾಗೆ ಯಾರೂ ಬೆಣ್ಣೆ ಸಕ್ಕರೆ ತಿರುವುವುದನ್ನೂ ಮೊಟ್ಟೆ ಬಡಿಯುವುದನ್ನೂ ನಾನು ಹಿಂದೆ ಕಂಡಿಲ್ಲ. ನನ್ನ ತೋಳು ಸೋತು ಬಿದ್ದುಹೋಗುವ ಹೊತ್ತಿಗೆ ನಿಮ್ಮದು ಆಗ ತಾನೇ ಶುರುವಾದಂತಿತ್ತು. ಮಜ್ಜಿಗೆ ಕಡೆದ ಕೈ ಎಂದಿರಿ. ಕೇಕು ಉಬ್ಬಿತು. ಎಲ್ಲರೂ ಮೆಚ್ಚಿದರು.

ಈಗ ಒಂದು ಮಾತು ಹೇಳುತ್ತೇನೆ. ನೀವು ಹೋದ ಮೇಲೆ ಬಂದವರೆಲ್ಲ ‘ನಿಮ್ಮ ಅಕ್ಕ ಇಲ್ವಾ?’ ಎಂದೇ ಕೇಳುತ್ತಾರೆ. ಡಾಕ್ಟರ ಹೆಂಡತಿ ನಿನ್ನೆ ಕೇಕು ತಿಂದು, ‘ಅವತ್ತಿನಷ್ಟು ಹಗುರ ಇಲ್ಲ ಕಣ್ರೀ’ ಎಂದರು. ನಾನು ಹುಡುಗಿಯಾಗಿದ್ದಾಗಿನಿಂದ ಕಲಿತದ್ದು. ನೀವು ಒಂದು ವಾರ ನಿಂತು ನೋಡಿದ್ದು. ಸಾರೂ ನಿಮ್ಮದೇ, ಇದೂ ನಿಮ್ಮದೇ ಆದರೆ ನನಗೇನು ಉಳಿಯಿತು? ನೀವು ಬಂದದ್ದಕ್ಕೆ ಋಣಿಯಾಗಿದ್ದೇನೆ. ಇನ್ನು ಸದ್ಯಕ್ಕೆ ನಾನೊಬ್ಬಳೇ ನಿಭಾಯಿಸುತ್ತೇನೆ. ಮೊಟ್ಟೆ ಮಾತ್ರ ಕಳಿಸುತ್ತಿರಿ.

ಜಯಲಕ್ಷ್ಮಿ


ಹೊಳೆನರಸೀಪುರ
೨-೩-೧೯೫೮

ಜಯಲಕ್ಷ್ಮಿಗೆ ಆಶೀರ್ವಾದ. ಈ ಸಲ ಮನಸ್ಸಿನಿಂದಲೇ ಬರೆದಿದ್ದೇನೆ, ಯಾಕೆಂದರೆ ನನ್ನ ಮನಸ್ಸು ಚೆನ್ನಾಗಿದೆ.

ಪೇಟೆಯಲ್ಲಿ ತಗಡಿನ ಕೆಲಸ ಮಾಡುವ ಸಾಬರ ಹತ್ತಿರ ಬಾಗಿಲಿರುವ ಒಂದು ಡಬ್ಬ ಮಾಡಿಸಿದೆ. ನಿನ್ನದಕ್ಕಿಂತ ದೊಡ್ಡದು. ಮೊದಲನೆಯದು ಸೀದು ಹೋಯಿತು. ಎರಡನೆಯದು ನಡುವೆ ಕುಸಿಯಿತು. ಮೂರನೆಯದನ್ನು ತಾಲ್ಲೂಕು ಕಚೇರಿಯ ಗುಮಾಸ್ತರ ಹೆಂಡತಿ ತಿಂದು, ಮಗಳ ಹುಟ್ಟಿದ ಹಬ್ಬಕ್ಕೆ ಬೇಕು ಎಂದಳು. ಬಾಟಲಿಯ ಸೆಂಟು ಹಾಕುವುದಿಲ್ಲ. ಏಲಕ್ಕಿ ಹಾಕುತ್ತೇನೆ. ಒಂದಕ್ಕೆ ಒಣಕೊಬ್ಬರಿಯನ್ನೂ ತುರಿದು ಹಾಕಿದೆ. ಮಂಡಿಯವರ ಮನೆ ಹೆಂಗಸರು ಅದನ್ನೇ ಕೇಳುತ್ತಿದ್ದಾರೆ.

ಹಿಂದೆ ದಾರಿಯಲ್ಲಿ ಹೋಗುವಾಗ ನನ್ನನ್ನು ತೋರಿಸಿ, ‘ಮಕ್ಳಿಲ್ಲ, ಅದಕ್ಕೇ ಗಂಡ ಇನ್ನೊಂದ್ ಕಟ್ಕಂಡವ್ನೆ’ ಎನ್ನುತ್ತಿದ್ದರು. ಮೊನ್ನೆ ಬಾವಿಯ ಹತ್ತಿರ ಯಾರೋ, ‘ಅದೇ, ಕೇಕು ಮಾಡ್ತರಲ್ಲ, ಅವ್ರು’ ಎಂದರು. ಕೊಡ ಎತ್ತಿಕೊಳ್ಳುವುದನ್ನೇ ಮರೆತು ನಿಂತಿದ್ದೆ.

ಇನ್ನು ನಿನಗೆ ಮೊಟ್ಟೆ ಕಳಿಸಲಾಗುವುದಿಲ್ಲ. ನನಗೇ ಸಾಲದು. ನೀನೊಬ್ಬಳೇ ನಿಭಾಯಿಸುವವಳು ತಾನೇ?

ದೊಡ್ಡತಾಯಮ್ಮ


ಹಾಸನ
೯-೩-೧೯೫೮

ಅಕ್ಕನವರಿಗೆ.

ನನ್ನ ಅಡಿಗೆಮನೆಗೆ ಕರೆದದ್ದು ನನ್ನ ತಪ್ಪು. ಗಂಡನನ್ನು ಹಂಚಿಕೊಂಡದ್ದಕ್ಕೆ ನೀವು ಇಷ್ಟು ವರ್ಷ ಕಾದು ಸರಿಯಾಗಿ ಬಡ್ಡಿ ಸಮೇತ ತೀರಿಸಿಕೊಂಡಿರಿ. ಗೊರೂರಿನ ಕಡೆಯ ಒಬ್ಬ ಹೆಂಗಸು ಮೊಟ್ಟೆ ತಂದುಕೊಡಲು ಒಪ್ಪಿದ್ದಾಳೆ. ನಿಮ್ಮ ಬುಟ್ಟಿಯನ್ನು ರಾಮಣ್ಣನ ಕೈಯಲ್ಲಿ ಕಳಿಸಿದ್ದೇನೆ, ಖಾಲಿ.

ಜಯಲಕ್ಷ್ಮಿ


ಚನ್ನರಾಯಪಟ್ಟಣ
೧೪-೯-೧೯೫೮

ದೊಡ್ಡತಾಯಿಗೂ ಜಯಲಕ್ಷ್ಮಿಗೂ ಪುಟ್ಟಸ್ವಾಮಿ ಬರೆಯುವುದು. ಇದೇ ಕಾಗದವನ್ನು ಎರಡು ಪ್ರತಿ ಬರೆದು ಇಬ್ಬರಿಗೂ ಹಾಕಿದ್ದೇನೆ. ಒಬ್ಬಳಿಗೆ ಒಂದು, ಇನ್ನೊಬ್ಬಳಿಗೆ ಒಂದು ಹೇಳಿದೆ ಎಂಬ ಮಾತು ಬೇಡ.

ನಾನು ಇಲ್ಲಿ ಮಂಡಿಯ ಅಟ್ಟದ ಮೇಲೆ ಮಲಗುತ್ತಿದ್ದೇನೆ. ಯಾಕೆಂದು ನಿಮ್ಮಿಬ್ಬರಲ್ಲಿ ಒಬ್ಬಳಾದರೂ ಕೇಳಿದಳೆ? ಹಾಸನಕ್ಕೆ ಬಂದರೆ ಜಗಲಿಯ ಮೇಲೆ ಯಾರದೋ ಮನೆ ಆಳು ಕೇಕಿಗೆ ಕಾದು ಕೂತಿರುತ್ತಾನೆ. ನಾನು ಅವನ ಪಕ್ಕದಲ್ಲಿ ಕೂರಬೇಕು. ಹೊಳೆನರಸೀಪುರಕ್ಕೆ ಬಂದರೆ, ‘ತಡೀರಿ, ಈಗ ಡಬ್ಬದ ಬಾಗ್ಲು ತೆಗೆಯಂಗಿಲ್ಲ’ ಎನ್ನುತ್ತಾಳೆ. ಮುದ್ದೆಗೆ ಎಸರು ಇಡುವುದು ಆಮೇಲಂತೆ. ಹಿಂದೆ ನಾನು ಒಂದು ದಿನ ತಡವಾಗಿ ಬಂದರೆ ಇಬ್ಬರೂ ಮುಖ ಊದಿಸಿಕೊಳ್ಳುತ್ತಿದ್ದಿರಿ. ಈಗ ಹೋದ ತಿಂಗಳೆಲ್ಲ ಬರದಿದ್ದರೂ ಯಾಕೆ ಬರಲಿಲ್ಲ ಎಂದವರಿಲ್ಲ.

ನಿನ್ನೆ ಇಲ್ಲಿ ಕೊಬ್ಬರಿ ತೂಗಿಸುವಾಗ ಒಬ್ಬ ದಲ್ಲಾಳಿ ಎಲ್ಲರ ಮುಂದೆ, ‘ಏನ್ ಕೇಕ್ ಪುಟ್ಟಸ್ವಾಮಿ, ಯಾವೂರ್ ಕೇಕು ಚೆಂದ?’ ಎಂದ. ನಮ್ಮಪ್ಪ ಇಟ್ಟ ಹೆಸರಿನ ಹಿಂದೆ ನಿಮ್ಮ ಕೇಕು ಬಂದು ಕೂತಿದೆ.

ಇಬ್ಬರೂ ಇದನ್ನು ನಿಲ್ಲಿಸತಕ್ಕದ್ದು. ಮನೆಯಲ್ಲಿ ಆಡಬೇಕಾದ ಕೂಸು ಆಡಲಿಲ್ಲ, ಅದರ ಬದಲು ಡಬ್ಬ ಇಟ್ಟುಕೊಂಡು ಕೂತಿದ್ದೀರಿ. ನಿಲ್ಲಿಸದಿದ್ದರೆ ನನಗೂ ದಾರಿ ಗೊತ್ತಿದೆ.

ಪುಟ್ಟಸ್ವಾಮಿ


ಹಾಸನ
೧೮-೧೧-೧೯೫೮

ಅಕ್ಕನವರಿಗೆ ನಮಸ್ಕಾರಗಳು.

ಎಷ್ಟೋ ತಿಂಗಳಿಂದ ನಾವು ಒಬ್ಬರಿಗೊಬ್ಬರು ಬರೆದಿಲ್ಲ. ಈಗ ಬರೆಯುತ್ತಿರುವುದು ಜಗಳಕ್ಕಲ್ಲ. ಒಂದು ಸಂತೋಷದ ಸುದ್ದಿ, ಹೇಳಿಕೊಳ್ಳಲು ಬೇರೆ ಯಾರೂ ಇಲ್ಲ. ನಿಮಗೆ ಹೊಟ್ಟೆಯುರಿಯಲಿ ಎಂದೂ ಬರೆಯುತ್ತಿದ್ದೇನೆ. ಸುಳ್ಳೇಕೆ ಹೇಳಲಿ?

ನಿಲ್ಲಿಸಿ ಎಂದು ಅವರು ಬರೆದ ಕಾಗದ ನಿಮಗೂ ಬಂದಿರಬೇಕು. ನೀವು ನಿಲ್ಲಿಸಲಿಲ್ಲವೆಂದು ರಾಮಣ್ಣ ಹೇಳಿದ. ನಾನೂ ನಿಲ್ಲಿಸಲಿಲ್ಲ. ಬಂದು ಬೈಯುತ್ತಾರೆಂದು ಹೆದರಿಕೊಂಡಿದ್ದೆ. ಮೊನ್ನೆ ಬಂದರು. ಹೊಸ ಶಲ್ಯ ಹೊದ್ದಿದ್ದರು, ಮುಖ ಕ್ಷೌರ ಮಾಡಿಸಿದ್ದರು. ಬೈಯಲಿಲ್ಲ. ಕೂತು ಕಾಫಿ ಕುಡಿದು, ‘ಜಯಾ, ಒಂದು ದೊಡ್ಡ ಕೇಕು ಬೇಕಲ್ಲ’ ಎಂದರು. ಅರಕಲಗೂಡಿನಲ್ಲಿ ಸ್ನೇಹಿತರ ಮನೆಯಲ್ಲಿ ಒಂದು ಶುಭಕಾರ್ಯವಂತೆ. ‘ಮಾಮೂಲಿ ಬ್ಯಾಡ. ನೀನು ಇದುವರ್ಗೆ ಮಾಡಿರ್ಬಾರ್ದು, ಅಂತಾದ್ದು ಮಾಡು’ ಎಂದರು.

ನಾನು ಮಾಡುವುದನ್ನು ಅವರು ತಾವಾಗಿ ಕೇಳಿದ್ದು ಇದೇ ಮೊದಲು. ಅರಕಲಗೂಡು ನಿಮ್ಮ ತವರು. ನಿಮ್ಮನ್ನು ಕೇಳಬಹುದಿತ್ತು, ಕೇಳಲಿಲ್ಲ. ನಾನು ಕೈಯಲ್ಲಿದ್ದ ಬೇರೆ ಕೆಲಸವನ್ನೆಲ್ಲ ಪಕ್ಕಕ್ಕಿಟ್ಟೆ. ನಾಲ್ಕು ಸಲ ಬೇರೆ ಬೇರೆ ಹದ ಮಾಡಿ ನೋಡಿ, ಐದನೆಯದನ್ನು ಒಪ್ಪಿಕೊಂಡೆ. ಇಂದು ಬೆಳಿಗ್ಗೆ ಪೆಟ್ಟಿಗೆಯಲ್ಲಿಟ್ಟು ಬಟ್ಟೆ ಕಟ್ಟಿ ಕೊಟ್ಟೆ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ಹೋಗುತ್ತೇನೆ ಎಂದರು. ಬೀದಿಯ ಕೊನೆಯವರೆಗೂ ನೋಡುತ್ತ ನಿಂತಿದ್ದೆ.

ನಿಮ್ಮ ಜಯಲಕ್ಷ್ಮಿ


ಹೊಳೆನರಸೀಪುರ
೨೪-೧೧-೧೯೫೮

ಜಯಲಕ್ಷ್ಮಿ,

ನಿನ್ನ ಕಾಗದ ನನ್ನ ಕೈ ಸೇರುವ ಹೊತ್ತಿಗೆ ನಾನು ನಿನ್ನ ಕೇಕನ್ನು ನೋಡಿ ಬಂದಿದ್ದೆ. ಕೂತುಕೊಂಡು ಓದು. ಕೆಂಡದ ಮೇಲೆ ಏನಾದರೂ ಇದ್ದರೆ ಇಳಿಸಿ ಬಂದು ಓದು.

ಅವರು ನಿನ್ನ ಮನೆಯಿಂದ ಹೊರಟ ದಿನ ಮಧ್ಯಾಹ್ನ ನನ್ನ ತಂಗಿ ಮಾದಮ್ಮ ಅರಕಲಗೂಡಿನ ಬಸ್ಸಿಳಿದು ಓಡಿಬಂದಳು. ನೀರು ಕೊಟ್ಟರೂ ಕುಡಿಯಲಿಲ್ಲ. ‘ಅಕ್ಕ, ಭಾವ ನಮ್ಮೂರ್ಗೆ ಬತ್ತಾವ್ರೆ. ನಮ್ಮನೆಗಲ್ಲ. ಕೆರೆ ಏರಿ ಅತ್ರ ಸಣ್ಣಯ್ಯ ಅಂತವ್ರೆ, ಅವ್ರ ಮಗಳ್ನ ನೋಡಕ್ಕೆ. ನಾಳೆ ಬೆಳಗ್ಗೆ ವೀಳ್ಯ ಬದಲಾಯಿಸ್ತರಂತೆ’ ಅಂದಳು.

ಡಬ್ಬದಲ್ಲಿ ಬೇಯುತ್ತಿದ್ದುದನ್ನು ಹಾಗೇ ಬಿಟ್ಟು ಅವಳ ಜೊತೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಏನು ಯೋಚಿಸಿದೆ ಎಂದು ಕೇಳಬೇಡ. ನೀನು ಬಂದ ವರ್ಷ ನನಗೆ ಹೊಟ್ಟೆಯುರಿದಿತ್ತು. ಈ ಸಲ ಉರಿದದ್ದು ಅದೇ ಜಾಗದಲ್ಲಿ, ಆದರೆ ನಿನಗೂ ಸೇರಿಸಿ ಉರಿಯಿತು. ಇದು ಹೇಗೆ ಎಂದು ನನಗೂ ತಿಳಿಯದು.

ಬೆಳಿಗ್ಗೆ ನಾನೂ ಮಾದಮ್ಮನೂ ಆ ಮನೆಗೆ ಹೋದೆವು. ಜಗಲಿಯ ಮೇಲೆ ಚಾಪೆ ಹಾಸಿತ್ತು. ಅವರು ಹೊಸ ಶಲ್ಯ ಹೊದ್ದು ಗೋಡೆಗೊರಗಿ ಕೂತಿದ್ದರು. ಮುಂದೆ ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಸೇವಂತಿಗೆ. ಪಕ್ಕದ ದೊಡ್ಡ ತಟ್ಟೆಯಲ್ಲಿ ನಿನ್ನ ಕೇಕು. ನೋಡಿದ ಕೂಡಲೇ ಗುರುತು ಹಿಡಿದೆ. ಅಂಚು ಒಣಗಿರಲಿಲ್ಲ.

ಸಣ್ಣಯ್ಯ ಒಳ್ಳೆಯ ಮನುಷ್ಯನಂತೆ ಕಂಡ. ‘ಬಾರವ್ವ, ಯಾವೂರಾಯ್ತು?’ ಎಂದ.

‘ಒಳೆನರಸೀಪುರ. ಈ ಕೂತವ್ರಲ್ಲ, ಇವ್ರ ದೊಡ್ಡೆಂಡ್ತಿ ನಾನು. ಚಿಕ್ಕೆಂಡ್ತಿ ಹಾಸನದಲ್ಲವ್ಳೆ. ಅವಳು ಬಂದಿಲ್ಲ, ಅವಳ ಕೈಯಲ್ಲಿ ಮಾಡಿದ್ದು ಮಾತ್ರ ಬಂದದೆ’ ಎಂದು ಕೇಕು ತೋರಿಸಿದೆ.

ಸಣ್ಣಯ್ಯ ಅವರ ಕಡೆ ತಿರುಗಿದ. ‘ಏನ್ರಯ್ಯ, ಒಬ್ಳೇ ಅಂದ್ರಿ? ಅವಳೂ ಕಾಯಿಲೆ ಬಿದ್ದವ್ಳೆ, ಇವತ್ತೋ ನಾಳೆಯೋ ಅಂದ್ರಿ?’

ಜಯಲಕ್ಷ್ಮಿ, ಅವರು ಲೆಕ್ಕಕ್ಕೆ ಇಟ್ಟುಕೊಂಡ ಆ ಒಬ್ಬಳು ಯಾರು? ನೀನೋ, ನಾನೋ? ಅಂಥ ಹೊತ್ತಿನಲ್ಲೂ ನನ್ನ ತಲೆಗೆ ಮೊದಲು ಬಂದದ್ದು ಆ ಪ್ರಶ್ನೆ.

ಅವರು ಎದ್ದು ನಿಂತು, ‘ಮನೆಗ್ ನಡಿಯೆ’ ಎಂದರು.

‘ಯಾವ ಮನೆಗೆ?’ ಎಂದೆ.

ಮಾದಮ್ಮ ಹಿಂದಿನಿಂದ ನನ್ನ ಸೆರಗು ಜಗ್ಗಿದಳು. ಅವರ ದನಿ ಏರಿತು. ‘ಇಬ್ರು ಸೇರ್ಕಂಡು ಮನೆ ಮನೆ ಅಂಗೇ ಇಲ್ದಂಗೆ ಮಾಡ್ಬುಟ್ರಿ. ನನ್ನ ಕಂಡ್ರೆ ಒಬ್ಳಿಗಾದ್ರೂ ಬೇಕಾ? ಮಕ್ಳಿಲ್ದೆ ನಾನೇನ್ ಮಾಡ್ಲಿ? ವಂಶ ಬ್ಯಾಡ್ವಾ?’

ಅಲ್ಲಿವರೆಗೂ ನಾನು ಜಗಳಕ್ಕೆಂದು ಬಂದವಳಲ್ಲ, ಸುಮ್ಮನೆ ನಿಂತು ಮುಖ ತೋರಿಸಿದರೆ ಸಾಕು ಎಂದುಕೊಂಡಿದ್ದೆ. ವಂಶ ಎಂದಾಗ ತಡೆಯಲಾಗಲಿಲ್ಲ. ಬಾಗಿಲಲ್ಲಿ ಸಣ್ಣಯ್ಯನ ತಾಯಿ ಬೆಟ್ಟಮ್ಮ, ಮುದುಕಿ, ನಿಂತಿದ್ದಳು. ಅವಳ ಕಡೆ ತಿರುಗಿ ಹೇಳಿದೆ.

‘ಅವ್ವ, ನೀನು ಬದುಕು ಕಂಡೋಳು. ಎರಡೊಲ ಉತ್ತಾಯ್ತು, ಎರಡ್ರಲ್ಲೂ ಒಂದು ಪೈರು ಏಳ್ಲಿಲ್ಲ. ಒಲನೇ ಬರಡು ಅಂತ ಮೂರ್ನೇದಕ್ಕೆ ಬಂದವ್ರೆ. ನಿನ್ನ ಮೊಮ್ಮಗಳ್ನ ಕೊಡೋಕ್ ಮುಂಚೆ ಬಿತ್ನೆ ಬೀಜ ಎಂಗದೆ ಅಂತ ಒಂದ್ಸಲ ಕೇಳು.’

ಮುದುಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವರ ಮುಖ ನೋಡಬಾರದಿತ್ತು, ನೋಡಿದೆ. ಮದುವೆಯಾದಾಗಿನಿಂದ ಆ ಮುಖ ಅಷ್ಟು ಚಿಕ್ಕದಾದದ್ದನ್ನು ಕಂಡಿರಲಿಲ್ಲ. ಅವರಿಗೂ ಇದು ಗೊತ್ತಿತ್ತು, ಜಯಲಕ್ಷ್ಮಿ. ಬಹಳ ಹಿಂದಿನಿಂದ ಗೊತ್ತಿತ್ತು. ಮೆಟ್ಟು ಹಾಕಿಕೊಳ್ಳದೆ ಇಳಿದು ಹೋದರು. ಮಾದಮ್ಮ ಮೆಟ್ಟು ಎತ್ತಿಕೊಂಡು ಹಿಂದೆ ಓಡಿದಳು.

ಸಣ್ಣಯ್ಯ ವೀಳ್ಯದ ತಟ್ಟೆಯನ್ನು ಒಳಗಿಟ್ಟ. ‘ಈಗ ಕಾನೂನೂ ಒಪ್ಪಕ್ಕಿಲ್ವಂತೆ ಕಣವ್ವ, ಎಂಡ್ತಿ ಇರಂಗೆ ಇನ್ನೊಂದಾದ್ರೆ. ನಮ್ಮನ್ನ ಉಳಿಸ್ದೆ’ ಎಂದ. ನಾನು ಯಾರನ್ನು ಉಳಿಸಲು ಬಂದಿದ್ದೆನೋ ನನಗೇ ಗೊತ್ತಿರಲಿಲ್ಲ.

ಹುಡುಗಿ ಆಮೇಲೆ ಹೊರಗೆ ಬಂದಳು. ಇನ್ನೂ ಎಳೆಯ ಮುಖ, ಎರಡು ಜಡೆ. ಕೇಕನ್ನು ಕೊಯ್ದು ಎಲ್ಲರಿಗೂ ಕೊಟ್ಟೆ, ಮಾಡಿದ್ದು ಹಾಳಾಗಬಾರದಲ್ಲ. ಅವಳು ಒಂದು ತಿಂದು, ಇನ್ನೊಂದಕ್ಕೆ ಕೈ ನೀಡಿ, ‘ಇದನ್ನ ನೀವು ಮಾಡಿದ್ದಾ?’ ಎಂದು ಕೇಳಿದಳು.

‘ಅಲ್ಲ’ ಎಂದೆ.

ಬೀಜದ ಮಾತು ಬಾಯಿಂದ ಸಲೀಸಾಗಿ ಬಂದಿತ್ತು. ಈ ‘ಅಲ್ಲ’ ಬರಲಿಲ್ಲ. ಎಳೆದು ತರಬೇಕಾಯಿತು. ಆಮೇಲೆ ನಾನೂ ಒಂದು ತುಂಡು ತಿಂದೆ. ನನ್ನ ಡಬ್ಬದಲ್ಲಿ ಯಾವತ್ತೂ ಹಾಗೆ ಬಂದಿಲ್ಲ. ಒಳಗೆ ಹಸಿಯೂ ಇಲ್ಲ, ಒಣಕಲೂ ಇಲ್ಲ. ಬಸ್ಸಿನಲ್ಲಿ ಕುಲುಕಿಕೊಂಡು ಬಂದು ಒಂದು ರಾತ್ರಿ ಕಳೆದಿದ್ದರೂ ಮೆತ್ತಗಿತ್ತು. ಗಂಡ ಮೂರನೆಯವಳನ್ನು ನೋಡಲು ಬಂದ ಮನೆಯಲ್ಲಿ ಕೂತು, ನಿನ್ನ ಕೇಕು ನನ್ನದಕ್ಕಿಂತ ಚೆನ್ನಾಗಿದೆಯಲ್ಲ ಎಂದು ಹೊಟ್ಟೆ ಉರಿದುಕೊಂಡೆ.

ಏನು ಹಾಕಿದ್ದೆ ಅದಕ್ಕೆ? ಸುಳ್ಳು ಹೇಳದೆ ಬರೆ.

ನಿನ್ನ ಅಕ್ಕ,
ದೊಡ್ಡತಾಯಮ್ಮ


ಹಾಸನ
೩-೧೨-೧೯೫೮

ಅಕ್ಕನವರಿಗೆ ನಿಮ್ಮ ಜಯಲಕ್ಷ್ಮಿಯ ನಮಸ್ಕಾರಗಳು.

ನಿಮ್ಮ ಕಾಗದ ಓದಿ ಎರಡು ದಿನ ಒಲೆ ಹಚ್ಚಲಿಲ್ಲ. ಡಾಕ್ಟರ ಹೆಂಡತಿ ಬಂದು ಮೈ ಸರಿಯಿಲ್ಲವೇ ಎಂದು ಹಣೆ ಮುಟ್ಟಿ ನೋಡಿದರು. ಸರಿಯಿಲ್ಲ ಎಂದೆ. ಆ ಐದು ಸಲದ ಬೆಣ್ಣೆ, ಆ ಐದು ಸಲದ ನನ್ನ ತೋಳು ನೆನಪಾಗುತ್ತಿತ್ತು. ಬೀದಿಯ ಕೊನೆಯವರೆಗೂ ನೋಡುತ್ತ ನಿಂತಿದ್ದೆ ಎಂದು ನಿಮಗೆ ಬೇರೆ ಬರೆದೆ.

ನಿನ್ನೆ ಅವರು ಬಂದರು. ಇಷ್ಟು ದಿನ ಚನ್ನರಾಯಪಟ್ಟಣದ ಅಟ್ಟದಲ್ಲೇ ಇದ್ದರಂತೆ. ಹೊಸ ಶಲ್ಯ ಇರಲಿಲ್ಲ. ಕೂತರು. ‘ಅವಳು ಬರ್ದವ್ಳಾ?’ ಎಂದರು. ‘ಬರ್ದವ್ರೆ’ ಎಂದೆ. ಊಟಕ್ಕೆ ಬಡಿಸಿದೆ. ಸಾರಿನ ಬಗ್ಗೆ ಏನೂ ಅನ್ನಲಿಲ್ಲ. ತಿಂದರು.

ನಾನೂ ಕೇಳಿದೆ, ಅಕ್ಕ. ‘ಅಲ್ಲಿ ಒಬ್ಬಳೇ ಅಂದ್ರಂತೆ. ಆ ಒಬ್ಬಳು ಯಾರು?’ ಎಂದೆ. ಕೈ ತೊಳೆದು ಎದ್ದರು. ನಮಗೆ ಈ ಜನ್ಮದಲ್ಲಿ ಅದು ತಿಳಿಯುವುದಿಲ್ಲ.

ಅವರನ್ನು ಬೈಯಬೇಕೆಂದುಕೊಂಡಿದ್ದೆ, ಬೈಯಲಿಲ್ಲ. ಯಾಕೆಂದರೆ ಬೈಯುವುದಕ್ಕೆ ನನ್ನ ಹತ್ತಿರ ಇದ್ದದ್ದು ಒಂದೇ ಮಾತು. ಮದುವೆಯಾಗಿ ಎರಡನೇ ವರ್ಷದಿಂದ ಅದು ನನ್ನ ಬಾಯಲ್ಲಿತ್ತು. ಹೆಂಗಸರು ಹರಕೆ ಹೇಳಿಕೊಟ್ಟಾಗ, ನಾಟಿ ಔಷಧಿ ಕುಡಿಸಿದಾಗ, ನಮ್ಮಮ್ಮ ನನ್ನ ಹೊಟ್ಟೆಯನ್ನು ನೋಡಿ ಕಣ್ಣು ಒರೆಸಿಕೊಂಡಾಗ ಪ್ರತಿ ಸಲವೂ ಅದು ತುಟಿಯವರೆಗೆ ಬಂದು ನಿಂತಿತು. ನೀವು ಅರಕಲಗೂಡಿನ ಯಾರದೋ ಜಗಲಿಯ ಮೇಲೆ ನಿಂತು ಅದನ್ನು ಹೇಳಿಬಿಟ್ಟಿರಿ. ನನ್ನ ಪರವಾಗಿಯೂ ಹೇಳಿದಿರಿ. ನನಗೆ ಸಂತೋಷವಾಗಬೇಕಿತ್ತು. ಅದನ್ನು ಹೇಳಿದ ಬಾಯಿ ನನ್ನದಲ್ಲವಲ್ಲ ಎಂದು ಸಂಕಟವಾಯಿತು. ಕೇಕಿಗೆ ನೀವು ಉರಿದುಕೊಂಡಿರಿ, ಮಾತಿಗೆ ನಾನು.

ಅದಕ್ಕೆ ಏನು ಹಾಕಿದ್ದೆ ಎಂದು ಕೇಳಿದ್ದೀರಿ. ಬರೆದು ತಿಳಿಸುವುದಿಲ್ಲ. ಬರೆದರೆ ಬರುವಂಥದ್ದೂ ಅಲ್ಲ, ಕೈಯಲ್ಲಿ ನೋಡಬೇಕು. ನರ್ಸಮ್ಮಂದಿರು ಈ ಸಲವೂ ಹೇಳಿದ್ದಾರೆ, ಇಂಜಿನಿಯರ ಮನೆಯಲ್ಲಿ ಮದುವೆಯೂ ಇದೆ. ನನ್ನ ಡಬ್ಬ ಸಾಲದು. ನಿಮ್ಮ ದೊಡ್ಡದನ್ನು ಬಸ್ಸಿನ ಮೇಲೆ ಕಟ್ಟಿಸಿಕೊಂಡು ಮುಂದಿನ ಬುಧವಾರ ಬನ್ನಿ. ಪಕ್ಕದಲ್ಲಿ ನಿಲ್ಲಿಸಿಕೊಂಡು ಒಂದೇ ಸಲ ತೋರಿಸುತ್ತೇನೆ. ಬಂದವರು ‘ಚೆನ್ನಾಗಿದೆ’ ಎಂದರೆ ಯಾವುದು ಯಾರದೆಂದು ಹೇಳಿಯೇ ಕೊಡುವುದು. ಅದರಲ್ಲಿ ಮಾತ್ರ ರಾಜಿಯಿಲ್ಲ.

ನೀವು ಇಲ್ಲಿಗೆ ಬಂದರೆ ಯಜಮಾನರು ಅಷ್ಟು ದಿನ ಎಲ್ಲಿರುವುದು, ಅವರ ಊಟಕ್ಕೇನು ಎಂದು ಕೇಳಬೇಡಿ. ನಾನೂ ಯೋಚಿಸಿಲ್ಲ.

ಜಯಲಕ್ಷ್ಮಿ